‘ಬಿಟ್ಟ’ ಅಂದರೆ ಗಿಫ್ಟೋ, ಗ್ರಾಂಟೋ? ಪಾವಗಡದ ಕಲ್ಲುಗಳ ಇಂಗ್ಲಿಷ್ ಬಗ್ಗೆ ಒಂದು ತಕರಾರು

ಪಾವಗಡ, ಮಧುಗಿರಿ, ಶಿರಾ ಕಡೆಯ ಶಾಸನ ಹುಡುಕುವವರೆಲ್ಲ ಮೊದಲು ಕೈ ಹಾಕೋದು ಎಪಿಗ್ರಾಫಿಯಾ ಕರ್ನಾಟಿಕಾದ 12ನೇ ಸಂಪುಟಕ್ಕೆ. ಬಿ.ಎಲ್. ರೈಸ್ ಅವರ ತುಮಕೂರು ಜಿಲ್ಲಾ ಸಂಪುಟ, 1904ರದ್ದು. ‘ಪಿಜಿ’ ಅಂತ ಸಂಖ್ಯೆ ಇದ್ದರೆ ಪಾವುಗಡ, ‘ಎಂಐ’ ಇದ್ದರೆ ಮದ್ದಗಿರಿ, ಅಂದರೆ ಈಗಿನ ಮಧುಗಿರಿ. ಸಂಪುಟದಲ್ಲಿ ಪಾಠ ಕನ್ನಡ ಲಿಪಿಯಲ್ಲೂ ಇದೆ, ರೋಮನ್ ಲಿಪಿಯಲ್ಲೂ ಇದೆ, ಜೊತೆಗೆ ಇಂಗ್ಲಿಷ್ ಅನುವಾದ. ನಮ್ಮಲ್ಲಿ ಬಹುಪಾಲು ಜನ, ಹಳಗನ್ನಡಕ್ಕೆ ಹೆದರಿಕೊಂಡು, ನೇರವಾಗಿ ಇಂಗ್ಲಿಷ್ ಭಾಗಕ್ಕೆ ಹೋಗುತ್ತೇವೆ. ಅಲ್ಲಿಂದ ಒಂದು ವಾಕ್ಯ ಎತ್ತಿ, ಸ್ವಲ್ಪ ಇವತ್ತಿನ ಇಂಗ್ಲಿಷ್‌ಗೆ ಪಾಲಿಶ್ ಮಾಡಿ, ಫೋಟೋ ಕೆಳಗೆ ಹಾಕುತ್ತೇವೆ. ನನ್ನ ತಕರಾರು ಇರೋದು ಈ ಪಾಲಿಶ್ ಬಗ್ಗೆ.

ರೈಸ್ ಬೆಂಗಳೂರಲ್ಲೇ ಹುಟ್ಟಿದವರು, 1837ರಲ್ಲಿ. ಅವರಿಗೆ ಕನ್ನಡ ಬರುತ್ತಿತ್ತು ಅಂತ ಹೇಳೋದೇ ಅವಮಾನ, ಅಷ್ಟು ಬರುತ್ತಿತ್ತು. ಹಾಗಿದ್ದೂ ಸಾವಿರಾರು ಶಾಸನಗಳನ್ನು ಅನುವಾದ ಮಾಡುವಾಗ ಯಾರಿಗಾದರೂ ಒಂದು ಅಚ್ಚು ಬೇಕಾಗುತ್ತೆ. ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ‘ಸುಖಸಂಕಥಾವಿನೋದದಿಂ ರಾಜ್ಯಂಗೆಯ್ಯುತ್ತಿರೆ’ ಅನ್ನೋದನ್ನೇ ತಗೊಳ್ಳಿ. ರೈಸ್ ಇದನ್ನು ಶಾಂತಿ, ವಿವೇಕ ಎಂಬ ಅರ್ಥದ ಎರಡು ಇಂಗ್ಲಿಷ್ ಪದಗಳಲ್ಲಿ ಮುಗಿಸಿಬಿಟ್ಟರು. ಅವರ ಸಮಕಾಲೀನ ಜೆ.ಎಫ್. ಫ್ಲೀಟ್ ಅದೇ ಮಾತನ್ನು ಹಿತವಾದ ಮಾತುಕತೆಯ ಸಂತೋಷ ಅಂತ ಅಕ್ಷರಕ್ಕಕ್ಷರ ಬಿಡಿಸಿದರು. ರೈಸ್ ಕೊಟ್ಟಿದ್ದು ಒಳ್ಳೆ ಆಡಳಿತಕ್ಕೆ ಒಂದು ಸರ್ಟಿಫಿಕೇಟ್. ಫ್ಲೀಟ್ ಕೊಟ್ಟಿದ್ದು ಒಂದು ಆಸ್ಥಾನದ ಚಿತ್ರ, ರಾಜ ಕೂತಿದ್ದಾನೆ, ಕಥೆ ಮಾತು ನಡೀತಿದೆ. ಶಾಸನದಲ್ಲಿರೋದು ಎರಡನೆಯದು. ನನ್ನ ಮತ ಫ್ಲೀಟ್ ಅವರಿಗೇ. ಆದರೆ ಇದು ಹೊಗಳಿಕೆಯ ಭಾಗ, ಇಲ್ಲಿ ತಪ್ಪಿದರೆ ಯಾರ ಹೊಲವೂ ಹೋಗಲ್ಲ. ಶಾಸನದ ಕೆಲಸದ ಭಾಗಕ್ಕೆ ಬಂದಾಗ ಹಾಗಲ್ಲ. ನೆಲ, ನೀರು, ತೆರಿಗೆ, ಸಾವು ಇರೋದು ಅಲ್ಲಿ.

ನಾನು ಹೊಟ್ಟೆಪಾಡಿಗೆ ಎಂಜಿನಿಯರ್. ಟೆಂಡರ್ ದಾಖಲೆಯಲ್ಲಿ ‘ರಿಪೇರಿ’ ಅಂತ ಬರೆದರೆ ಒಂದು ಬಿಲ್, ‘ರೀಪ್ಲೇಸ್‌ಮೆಂಟ್’ ಅಂತ ಬರೆದರೆ ಇನ್ನೊಂದು ಬಿಲ್. ‘ಶಲ್’ ಇದ್ದರೆ ಗುತ್ತಿಗೆದಾರ ಮಾಡಲೇಬೇಕು, ‘ಮೇ’ ಇದ್ದರೆ ಅವನಿಷ್ಟ. ಶಾಸನದ ಕೊನೆ ಭಾಗವೂ ಇಂಥದ್ದೇ ದಾಖಲೆ. ಅದಕ್ಕೇ ಅದರ ಇಂಗ್ಲಿಷ್ ಸಡಿಲ ಇದ್ದರೆ ನನಗೆ ತಡೆಯೋಕಾಗಲ್ಲ.

ಮೊದಲು ಗದ್ದೆ. ಶಾಸನಗಳಲ್ಲಿ ಗದ್ದೆ, ಬೆದ್ದಲೆ ಅಂತ ಜೋಡಿಯಾಗಿ ಬರುತ್ತೆ. ನಮ್ಮ ಕಂದಾಯ ದಾಖಲೆಯ ತರಿ, ಖುಷ್ಕಿ ಅಂದರೆ ಇದೇ. ರೈಸ್ ಕಾಲದಲ್ಲಿ ಇದಕ್ಕೆ ಸಿದ್ಧ ಇಂಗ್ಲಿಷ್ ಇತ್ತು: ವೆಟ್ ಲ್ಯಾಂಡ್, ಡ್ರೈ ಲ್ಯಾಂಡ್. ಕಂದಾಯ ಇಲಾಖೆಯ ಮಾತು, ಆಗ ಎಲ್ಲರಿಗೂ ಅರ್ಥ ಆಗುತ್ತಿತ್ತು. ಇವತ್ತು ಇದನ್ನು ಎತ್ತಿಕೊಳ್ಳುವವರು ನಡುವಿನ ಜಾಗ ಅಳಿಸಿ ‘ವೆಟ್‌ಲ್ಯಾಂಡ್’ ಮಾಡಿಬಿಡ್ತಾರೆ. ಒಂದು ಸ್ಪೇಸ್ ಹೋಯ್ತು ಅಷ್ಟೇ ತಾನೇ ಅನ್ನಬೇಡಿ. 1971ರ ರಾಮ್ಸರ್ ಒಪ್ಪಂದದ ನಂತರ ವೆಟ್‌ಲ್ಯಾಂಡ್ ಅಂದರೆ ಜೌಗು, ಹಕ್ಕಿಗಳು, ಸಂರಕ್ಷಣೆ. ನಮ್ಮ ದೇಶದ 2017ರ ವೆಟ್‌ಲ್ಯಾಂಡ್ ನಿಯಮಗಳು ಭತ್ತದ ಗದ್ದೆಯನ್ನೂ ನೀರಾವರಿಗೆಂದೇ ಮನುಷ್ಯರು ಕಟ್ಟಿದ ಜಲರಚನೆಗಳನ್ನೂ ವ್ಯಾಖ್ಯೆಯಿಂದ ಹೊರಗಿಟ್ಟಿವೆ. ಅಂದರೆ ಶಾಸನದ ಗದ್ದೆ ಯಾವುದೋ, ಅದೇ ಇವತ್ತಿನ ಕಾನೂನಿನಲ್ಲಿ ವೆಟ್‌ಲ್ಯಾಂಡ್ ಅಲ್ಲ. ದೇವಸ್ಥಾನಕ್ಕೆ ಇಷ್ಟು ಖಂಡುಗ ‘ವೆಟ್‌ಲ್ಯಾಂಡ್’ ಕೊಟ್ಟರು ಅಂತ ಓದಿದ ಹೊರಗಿನವನು, ಪೂಜಾರಿಗೆ ಜೌಗು ಯಾಕೆ ಕೊಟ್ಟರಪ್ಪ ಅಂತ ತಲೆ ಕೆರ್ಕೋಬೇಕು.

ಬೆದ್ದಲೆಯ ಪಾಡು ಇನ್ನೂ ಕೆಟ್ಟದ್ದು. ಡ್ರೈ ಲ್ಯಾಂಡ್ ಅನ್ನೋದು ಚೆನ್ನಾಗಿ ಕೇಳಿಸಲ್ಲ ಅಂತ ‘ಬ್ಯಾರನ್’, ‘ವೇಸ್ಟ್’ ಅಂತೆಲ್ಲ ಬರೀತಾರೆ. ಬೆದ್ದಲೆ ಬಂಜರಲ್ಲ. ಮಳೆ ನಂಬಿ ಉಳುವ ಹೊಲ ಅದು. ಪಾವಗಡದ ಕಡಲೇಕಾಯಿ ಬೆಳೆದಿದ್ದೆಲ್ಲ ಬೆದ್ದಲಿನಲ್ಲೇ. ತಿರುಮಣಿ ಕಡೆ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಬಂದಾಗಲೂ ಕೆಲವು ಇಂಗ್ಲಿಷ್ ವರದಿಗಳಲ್ಲಿ ಅದೇ ‘ಬ್ಯಾರನ್’ ಕಾಣಿಸಿತು. ಬರ ಬಿದ್ದ ಹೊಲಕ್ಕೂ ಬಂಜರಿಗೂ ಇರುವ ವ್ಯತ್ಯಾಸ ನಮ್ಮ ಕಡೆ ಮಕ್ಕಳಿಗೂ ಗೊತ್ತು.

ಇನ್ನು ‘ಕೆರೆಯ ಕೆಳಗಣ ಗದ್ದೆ’. ಇಲ್ಲಿ ‘ಕೆಳಗೆ’ ಅನ್ನೋದಕ್ಕೆ ಇಂಗ್ಲಿಷ್‌ನಲ್ಲಿ ಮೂರು ಪದ ಸಾಲಾಗಿ ನಿಂತಿವೆ: ಅಂಡರ್, ಬಿಲೋ, ಬಿನೀತ್. ಹಳೇ ಮೈಸೂರಿನ ಎಂಜಿನಿಯರುಗಳೂ ಕಂದಾಯದವರೂ ‘ಅಂಡರ್ ದಿ ಟ್ಯಾಂಕ್’ ಅಂತಿದ್ದರು. ಅವರ ಮನಸ್ಸಲ್ಲಿದ್ದದ್ದು ಅಚ್ಚುಕಟ್ಟು, ಆ ಕೆರೆಯ ತೂಬಿನಿಂದ ನೀರು ಪಡೆಯುವ ಹಕ್ಕಿರುವ ಜಮೀನು. ಆ ಪರಿಭಾಷೆ ಗೊತ್ತಿಲ್ಲದವರು ಓದಿದರೆ ಗದ್ದೆ ನೀರಲ್ಲಿ ಮುಳುಗಿದೆ ಅಂತಾಗುತ್ತೆ. ‘ಬಿನೀತ್’ ಹಾಕಿದರಂತೂ ಮುಳುಗಿದ್ದು ಖಂಡಿತ. ‘ಬಿಲೋ’ ಹಾಕಿದರೆ ಏರಿಯಿಂದ ಇಳಿಜಾರಿನ ಕಡೆ ಅನ್ನೋದು ಸರಿಯಾಗಿ ಬರುತ್ತೆ, ಆದರೆ ನೀರಿನ ಹಕ್ಕು ಬರಲ್ಲ. ಏರಿಯ ಕೆಳಗಿರುವ ಜಮೀನೆಲ್ಲ ಅಚ್ಚುಕಟ್ಟಲ್ಲವಲ್ಲ! ನಾನು ‘ಬಿಲೋ’ ಹಾಕಿ ಪಕ್ಕದಲ್ಲಿ ‘ಇರಿಗೇಟೆಡ್ ಬೈ’ ಅಂತ ಸೇರಿಸುತ್ತೇನೆ. ಉದ್ದ ಆಗುತ್ತೆ, ಆಗಲಿ.

ಕೆರೆಗೆ ಟ್ಯಾಂಕೋ ಲೇಕೋ? ಇದು ಹಳೇ ಜಗಳ. ಇಂಗ್ಲೆಂಡಿನವನಿಗೆ ಟ್ಯಾಂಕ್ ಅಂದರೆ ಮನೆ ಮೇಲಿನ ತೊಟ್ಟಿ, ಇಲ್ಲಾ ಯುದ್ಧದ ಟ್ಯಾಂಕು. ಅದಕ್ಕೇ ಬೆಂಗಳೂರಿನವರು ಎಲ್ಲವನ್ನೂ ಲೇಕ್ ಮಾಡಿದರು. ಸರ್ಕಾರವೂ 2014ರ ಕಾಯ್ದೆಯಲ್ಲಿ ಪ್ರಾಧಿಕಾರದ ಇಂಗ್ಲಿಷ್ ಹೆಸರಿಗೆ ‘ಲೇಕ್’ ಅಂತಿಟ್ಟು, ಆಮೇಲೆ ತಿದ್ದುಪಡಿ ತಂದು ‘ಟ್ಯಾಂಕ್’ ಮಾಡಿತು. ಕನ್ನಡದಲ್ಲಿ ಆಗಲೂ ಈಗಲೂ ಕೆರೆಯೇ. ಲೇಕ್ ಅನ್ನೋದು ತಾನಾಗಿ ಆದದ್ದು ಎಂಬ ಭಾವನೆ ಕೊಡುತ್ತೆ. ಕೆರೆ ಕಟ್ಟಿದ್ದು. ಅದಕ್ಕೆ ಏರಿ ಉಂಟು, ತೂಬು ಉಂಟು, ಕೋಡಿ ಉಂಟು, ಕಟ್ಟಿಸಿದವನೊಬ್ಬ ಉಂಟು, ಹೂಳೆತ್ತುವ ಹೊಣೆ ಉಂಟು. ಗಡಿಯಾಚೆ ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ 1369ರ ಶಾಸನ ಒಂದಿದೆ. ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆಯದ್ದು. ಒಳ್ಳೆ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಅದು ಪಟ್ಟಿ ಮಾಡುತ್ತೆ, ಸಾವಿರ ಆಳು ಎರಡು ವರ್ಷ ಕೆಲಸ ಮಾಡಿದ ಲೆಕ್ಕ ಕೊಡುತ್ತೆ. ಅದನ್ನು ಓದಿದ ಮೇಲೂ ಲೇಕ್ ಅಂತ ಬರೆಯೋಕೆ ಕೈ ಹೇಗೆ ಬರುತ್ತೋ. ಅಷ್ಟೇ ಅಲ್ಲ, ನಮ್ಮಲ್ಲಿ ಕೆರೆ ಬೇರೆ, ಕಟ್ಟೆ ಬೇರೆ, ಕುಂಟೆ ಬೇರೆ, ಕಲ್ಯಾಣಿ ಬೇರೆ. ಪಾವಗಡದಲ್ಲಿ ತೆಲುಗು ಮಾತಾಡುವವರೂ ಚೆರುವು, ಕುಂಟ ಅಂತ ಬೇರೆ ಮಾಡೇ ಹೇಳ್ತಾರೆ. ಸೋಲಾರ್ ಪಾರ್ಕಿನ ಹಳ್ಳಿಗಳಲ್ಲಿ ಬಳಸಮುದ್ರ ಅಂತ ಒಂದಿದೆ. ಪುಣ್ಯಕ್ಕೆ ಇದುವರೆಗೆ ಅದನ್ನು ಯಾರೂ ‘ಸೀ’ ಮಾಡಿಲ್ಲ.

ತೂಬು, ಕೋಡಿ ಎರಡಕ್ಕೂ ‘ಔಟ್‌ಲೆಟ್’ ಅಂತ ಬರೆದದ್ದನ್ನು ಕಂಡಾಗ ಮಾತ್ರ ನನಗೆ ನಿಜವಾಗಿ ಸಿಟ್ಟು ಬರುತ್ತೆ. ತೂಬು ನಾವು ಬೇಕಾದಾಗ ತೆಗೆದು ಮುಚ್ಚುವುದು, ‘ಸ್ಲೂಯಿಸ್’. ಕೋಡಿ ಕೆರೆ ತುಂಬಿದಾಗ ತಾನಾಗಿ ಹರಿಯುವುದು, ‘ವೇಸ್ಟ್ ವಿಯರ್’. ತೂಬಿನ ಬಳಿಯ ಗದ್ದೆಗೆ ಪ್ರತಿ ಸರದಿಯಲ್ಲೂ ನೀರು. ಕೋಡಿಯ ಪಕ್ಕದ ಜಮೀನಿಗೆ ಒಳ್ಳೆ ಮಳೆಯಾದ ವರ್ಷ ಮಾತ್ರ, ಅದೂ ಬೆಳೆ ಕೊಚ್ಚಿಕೊಂಡು ಹೋಗದಿದ್ದರೆ. ಯಾರಿಗೆ ಯಾವುದನ್ನು ಕೊಟ್ಟರು ಅನ್ನೋದರಲ್ಲೇ ಆ ಕೊಡುಗೆಯ ಬೆಲೆ ಅಡಗಿದೆ.

ನೀರಿನಿಂದ ದನಗಳ ಕಡೆಗೆ ಬರೋಣ. ನಮ್ಮ ಸೀಮೆಯ ವೀರಗಲ್ಲುಗಳಲ್ಲಿ ಬಹಳ ಸಲ ಬರೋದು ತುರುಗೋಳ್. ತುರು ಅಂದರೆ ದನ, ಕೊಳ್ ಅಂದರೆ ತಗೊಳ್ಳು, ಹಿಡಿದುಕೊಳ್ಳು. ಕಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ದನಗಳ ಸಾಲು, ಕಾಳಗ. ಅದರ ಮೇಲೆ ಅಪ್ಸರೆಯರು ಒಯ್ಯುತ್ತಿರುವ ವೀರ. ಇದಕ್ಕೆ ಹಾಕುವ ಇಂಗ್ಲಿಷ್: ‘ಕ್ಯಾಟಲ್ ಥೆಫ್ಟ್’, ‘ಕ್ಯಾಟಲ್ ರಸ್ಲಿಂಗ್’, ‘ಕ್ಯಾಟಲ್ ಲಿಫ್ಟಿಂಗ್’, ‘ಕ್ಯಾಟಲ್ ರೈಡ್’. ಎಲ್ಲ ಒಂದೇ ಅಲ್ವಾ ಅನ್ನಿಸಬಹುದು. ಥೆಫ್ಟ್ ಅಂದರೆ ಕಳವು. ಕಳವು ಅನ್ನೋ ಪದ ಕನ್ನಡದಲ್ಲಿ ಆಗಲೂ ಇತ್ತು, ಶಾಸನ ಬರೆದವನು ಅದನ್ನು ಬಳಸಲಿಲ್ಲ. ರಸ್ಲಿಂಗ್ ಅಂದ ತಕ್ಷಣ ಅಮೆರಿಕದ ಕುದುರೆ ಸವಾರರು ಬಂದು ನಿಲ್ಲುತ್ತಾರೆ. ಲಿಫ್ಟಿಂಗ್ ಅನ್ನೋದು ರಾತ್ರೋರಾತ್ರಿ ಸದ್ದಿಲ್ಲದೆ ಸಾಗಿಸಿದ ಹಾಗಿದೆ. ತುರುಗೋಳ್ ಇದ್ಯಾವುದೂ ಅಲ್ಲ. ಎದುರಾಳಿಯ ಸೀಮೆಗೆ ನುಗ್ಗಿ ಅವನ ಸಂಪತ್ತನ್ನು ಬಹಿರಂಗವಾಗಿ ಹಿಡಿದು ‘ಬಾ ನೋಡೋಣ’ ಅನ್ನುವ ಯುದ್ಧಕ್ರಮ. ಮಹಾಭಾರತದ ವಿರಾಟಪರ್ವದಲ್ಲಿ ಕೌರವರು ಮಾಡಿದ್ದೂ ಅದನ್ನೇ, ದುರ್ಯೋಧನನನ್ನು ಯಾರೂ ದನಗಳ್ಳ ಅನ್ನಲಿಲ್ಲ. ಹೆಂಜೇರಿನ, ಅಂದರೆ ಈಗ ಆಂಧ್ರಕ್ಕೆ ಸೇರಿರುವ ಹೇಮಾವತಿಯ ನೊಳಂಬರ ಕಾಲದಿಂದ ನಿಡುಗಲ್ಲಿನ ಚೋಳರವರೆಗೆ ಈ ನೆಲ ಗಡಿಯಾಗೇ ಇತ್ತು. ಗಡಿಯಲ್ಲಿ ಇದು ರಾಜಕೀಯ. ‘ರೈಡ್’ ಒಂದೇ ಇದಕ್ಕೆ ಹತ್ತಿರ. ‘ಥೆಫ್ಟ್’ ಅಂತ ಬರೆದರೆ ನಮ್ಮ ಊರ ವೀರ ಕಳ್ಳರನ್ನು ಅಟ್ಟಿಸಿಕೊಂಡು ಹೋದ ಕಾವಲುಗಾರ ಆಗ್ತಾನೆ, ಅಷ್ಟೇ.

ಹಾಗೇ ‘ತುರುಗಳಂ ಮಗುಳ್ಚಿ’ ಅಂತ ಇದ್ದರೆ ‘ರೆಸ್ಕ್ಯೂ’ ಬೇಡ, ‘ರಿಕವರ್’ ಸಾಕು. ರೆಸ್ಕ್ಯೂ ಅಂದರೆ ದನಗಳ ಮೇಲಿನ ಕರುಣೆ ಅನ್ನಿಸುತ್ತೆ. ಮಗುಳ್ಚು ಅಂದರೆ ಹಿಂದಕ್ಕೆ ತಿರುಗಿಸು. ಕ್ರಿಯೆ ಮಾತ್ರ ಇದೆ, ಭಾವನೆ ಇಲ್ಲ.

ಸಾವಿನ ಪದಗಳಲ್ಲಿ ಒಂದನ್ನು ಮಾತ್ರ ಹೇಳಿ ಮುಂದೆ ಹೋಗುತ್ತೇನೆ. ಶ್ರವಣಬೆಳಗೊಳದ ಹಳೆಯ ನಿಸಿದಿ ಶಾಸನಗಳಲ್ಲಿ ನೋಂತು ‘ಮುಡಿಪಿದರ್’ ಅಂತ ಬರುತ್ತೆ. ಮುಡಿಪು ಅಂದರೆ ಮುಗಿಸು, ಪೂರೈಸು. ಇಂಗ್ಲಿಷ್‌ನಲ್ಲಿ ‘ಡೈಡ್’ ಅಂದರೆ ಸತ್ಯಕ್ಕೆ ದೂರ ಇಲ್ಲ, ಆದರೆ ವ್ರತ ಕಾಣೆಯಾಗುತ್ತೆ. ‘ಸ್ಟಾರ್ವ್ಡ್’ ಅಂದರೆ ಯಾರೋ ಅನ್ನ ಕೊಡಲಿಲ್ಲ ಅನ್ನಿಸುತ್ತೆ. ‘ಸೂಯಿಸೈಡ್’ ಅಂದರೆ ಅಪರಾಧ. ಇದು ಬರೀ ನಿಘಂಟಿನ ಚರ್ಚೆ ಅಲ್ಲ ಅಂತ 2015ರಲ್ಲಿ ಎಲ್ಲರಿಗೂ ಗೊತ್ತಾಯ್ತು. ಆ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಸಲ್ಲೇಖನವನ್ನು ಆತ್ಮಹತ್ಯೆಗೆ ಸಮ ಎಂದಿತು. ಅದೇ ತಿಂಗಳ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಷ. ಶೆಟ್ಟರ್ ಅದಕ್ಕೂ ಮೊದಲೇ ಬೆಳಗೊಳದ ಬಗ್ಗೆ ಇಂಗ್ಲಿಷ್‌ನಲ್ಲಿ ಬರೆದಾಗ ಸಾವನ್ನು ಆಹ್ವಾನಿಸುವುದು ಅನ್ನುವ ಅರ್ಥದ ಶೀರ್ಷಿಕೆ ಇಟ್ಟರು, ‘ಇನ್‌ವೈಟಿಂಗ್ ಡೆತ್’. ಅದರಲ್ಲಿ ಸಾಯುವವನ ಮನಸ್ಸೂ ಇದೆ, ತೀರ್ಪು ಇಲ್ಲ. ಇಂಥ ಆಯ್ಕೆ ಮಾಡೋಕೆ ಕಲ್ಲಿನ ಜೊತೆ ವರ್ಷಗಟ್ಟಲೆ ಕೂತಿರಬೇಕು.

ಈಗ ಶೀರ್ಷಿಕೆಯಲ್ಲಿ ಕೇಳಿದ ಪ್ರಶ್ನೆ. ದಾನಶಾಸನಗಳಲ್ಲಿ ಕ್ರಿಯಾಪದ ಎರಡು: ಕೊಟ್ಟ, ಬಿಟ್ಟ. ಇವತ್ತಿನ ಇಂಗ್ಲಿಷ್ ಬರಹಗಳಲ್ಲಿ ಎರಡಕ್ಕೂ ‘ಗಿಫ್ಟೆಡ್’, ಇಲ್ಲಾ ‘ಡೊನೇಟೆಡ್’. ರಕ್ತದಾನ ಶಿಬಿರದ ಭಾಷೆ. ರೈಸ್ ಸಾಮಾನ್ಯವಾಗಿ ‘ಗ್ರಾಂಟ್’ ಅನ್ನುತ್ತಿದ್ದರು, ಈ ವಿಷಯದಲ್ಲಿ ನಾವು ಅವರಿಗಿಂತ ಹಿಂದೆ ಹೋಗಿದ್ದೇವೆ. ಗಿಫ್ಟ್ ಅಂದರೆ ನನ್ನದನ್ನು ನಿನಗೆ ಕೊಟ್ಟೆ, ವಾಪಸ್ಸು ಏನೂ ಕೇಳಲ್ಲ. ಗ್ರಾಂಟ್ ಅಂದರೆ ಅಧಿಕಾರ ಇರುವವನು ಒಂದು ಹಕ್ಕನ್ನು ಕೊಡೋದು. ‘ಬಿಟ್ಟ’ ಅನ್ನೋದನ್ನು ಗಮನಿಸಿ: ಅದೇ ಕ್ರಿಯಾಪದ ಸುಂಕಕ್ಕೂ ಬರುತ್ತೆ, ‘ಸುಂಕವಂ ಬಿಟ್ಟರ್’ ಅಂತ. ಸುಂಕವನ್ನು ಗಿಫ್ಟ್ ಕೊಡೋಕಾಗುತ್ತಾ? ಅಲ್ಲಿ ಅರ್ಥ ‘ರಿಮಿಟ್’, ತನಗೆ ಬರಬೇಕಾದ್ದನ್ನು ಬಿಟ್ಟುಕೊಡೋದು. ಊರನ್ನು ಬಿಟ್ಟ ಅಂದಾಗಲೂ ಬಹಳ ಕಡೆ ನಡೆದದ್ದು ಇದೇ. ಊರಿನ ಒಕ್ಕಲು ಅಲ್ಲೇ ಇದ್ದರು, ಉಳುತ್ತಿದ್ದರು. ಅರಮನೆಗೆ ಹೋಗುತ್ತಿದ್ದ ಪಾಲು ದೇವರಿಗೋ ಬ್ರಾಹ್ಮಣರಿಗೋ ಹೋಗತೊಡಗಿತು. ‘ಕಿಂಗ್ ಗಿಫ್ಟೆಡ್ ದಿ ವಿಲೇಜ್’ ಅಂತ ಬರೆದರೆ ಇಡೀ ಊರನ್ನು ಜನದ ಸಮೇತ ಪೊಟ್ಟಣ ಕಟ್ಟಿ ಕೊಟ್ಟ ಹಾಗಾಯ್ತು.

ಹಾಗಂತ ಎಲ್ಲ ಕಡೆ ಗ್ರಾಂಟ್ ಹಾಕಿದರೂ ಆಗಲ್ಲ. ಧಾರಾಪೂರ್ವಕ, ಅಂದರೆ ಕೈಗೆ ನೀರೆರೆದು ಕೊಟ್ಟದ್ದು ಧರ್ಮಶಾಸ್ತ್ರದ ದಾನ, ಅಲ್ಲಿ ‘ಗಿಫ್ಟ್’ ಸಲ್ಲುತ್ತೆ. ದೇವರ ಅಂಗಭೋಗ, ರಂಗಭೋಗ, ನಂದಾದೀಪಕ್ಕೆ ಅಂತ ಇದ್ದರೆ ‘ಎಂಡೋಮೆಂಟ್’. ನಿಡುಗಲ್ಲ ಬೆಟ್ಟದಲ್ಲಿ ಇರುಂಗೋಳನ ಕಾಲದಲ್ಲಿ, 1232ರ ಸುಮಾರಿಗೆ, ಗಂಗೇಯನ ಮಾರೆಯ ಪಾರ್ಶ್ವಜಿನನಿಗೆ ಕಟ್ಟಿಸಿದ ಬಸದಿಯಂಥದಕ್ಕೆ ಬಿಟ್ಟ ದತ್ತಿ ಈ ಗುಂಪಿನದು. ಪೂಜೆ ನಡೆಯುವವರೆಗೆ ಆ ಆದಾಯ ನಡೆಯಬೇಕು, ಅದನ್ನು ಯಾರೂ ಮನೆಗೆ ಒಯ್ಯುವ ಹಾಗಿಲ್ಲ.

ಇದಕ್ಕಿಂತ ಕಷ್ಟದವು ಕೊಡಗೆಗಳು. ಕಟ್ಟುಕೊಡಗೆ ಕೆರೆ ಕಟ್ಟಿದವನಿಗೆ ಸಲ್ಲುವ ಜಮೀನು. ಬಿತ್ತುವಟ್ಟ ಕೆರೆಯ ಕೆಲಸದ ಜೊತೆ ಗಂಟು ಹಾಕಿದ್ದು. ದಸವಂದ ಹೆಸರೇ ಹೇಳುವ ಹಾಗೆ ಹತ್ತರಲ್ಲೊಂದು ಪಾಲಿನ ಲೆಕ್ಕ, ವಿಜಯನಗರ ಕಾಲದಲ್ಲಿ ನಮ್ಮ ಪೂರ್ವದ ಸೀಮೆಯಲ್ಲೂ ರಾಯಲಸೀಮೆಯಲ್ಲೂ ಚಾಲ್ತಿಯಲ್ಲಿತ್ತು. ಇವನ್ನು ‘ಗಿಫ್ಟ್’ ಅಂದರೆ ರಾಜ ಖುಷಿಯಾಗಿ ಕೊಟ್ಟ ಬಹುಮಾನ ಆಗುತ್ತೆ. ಇವು ಕೆಲಸಕ್ಕೆ ಕಟ್ಟಿದ ಭೂಮಿ. ಮೈಸೂರು ಕಂದಾಯದವರು ಈ ಸೂಕ್ಷ್ಮ ಬಲ್ಲವರು, ‘ಕೊಡಗಿ ಇನಾಂ’ ಅಂತ ಬೇರೆಯೇ ಖಾನೆ ಇಟ್ಟಿದ್ದರು. ಇನಾಂ ರದ್ದು ಮಾಡುವಾಗಲೂ ವೈಯಕ್ತಿಕ ಹಾಗೂ ಇತರೆ ಇನಾಂಗಳಿಗೆ 1954ರ ಕಾಯ್ದೆ, ಧಾರ್ಮಿಕ ಇನಾಂಗಳಿಗೆ 1955ರ ಕಾಯ್ದೆ. ಯಾವ ಪದದ ಕೆಳಗೆ ಭೂಮಿ ಬಂತು ಅನ್ನೋದರ ಮೇಲೆ ಉಳುವವನ ಅರ್ಜಿ ಯಾವ ಕಾನೂನಿನಡಿ ಹೋಗಬೇಕು ಅಂತ ನಿರ್ಧಾರ ಆಗುತ್ತಿತ್ತು.

ಈ ವ್ಯತ್ಯಾಸ ನಮ್ಮ ಜನಕ್ಕೆ ತಿಳಿಯಲ್ಲ ಅಂತ ಯಾರೂ ಹೇಳಬೇಡಿ. 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕಿಗೆ ತಿರುಮಣಿ, ವಳ್ಳೂರು ಕಡೆಯ ರೈತರು ಜಮೀನು ಕೊಟ್ಟಿದ್ದು ಕ್ರಯಕ್ಕಲ್ಲ, ಗುತ್ತಿಗೆಗೆ. ಶುರುವಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ‘ಜಮೀನು ಕೊಟ್ಬಿಟ್ರಾ?’ ಅಂತ ಕೇಳಿ ನೋಡಿ, ‘ಕೊಟ್ಟಿಲ್ಲ ಸ್ವಾಮಿ, ಗುತ್ತಿಗೆಗೆ ಬಿಟ್ಟಿದೀವಿ’ ಅಂತಾರೆ. ಆ ‘ಬಿಟ್ಟಿದೀವಿ’ಯಲ್ಲಿ ಪಹಣಿ ಇನ್ನೂ ನನ್ನ ಹೆಸರಲ್ಲೇ ಇದೆ ಅನ್ನೋದು ಸೇರಿಕೊಂಡಿದೆ. ‘ಗುತ್ತಗೆ’ ಅಂತ ಶಾಸನಗಳಲ್ಲೂ ಬರುತ್ತೆ. ಅದನ್ನೂ ‘ಗಿಫ್ಟ್’ ಅಂದವರನ್ನು ಇನ್ನೂ ಕಂಡಿಲ್ಲ, ಕಾಯ್ತಾ ಇದ್ದೀನಿ.

ನೆತ್ತರುಗೊಡಗೆಗೆ ಯಾವ ಇಂಗ್ಲಿಷೂ ಒಗ್ಗಲ್ಲ. ಊರಿಗಾಗಿ, ಒಡೆಯನಿಗಾಗಿ ಕಾದಿ ಸತ್ತವನ ಮನೆಯವರಿಗೆ ಕೊಟ್ಟ ಭೂಮಿ. ‘ರಿವಾರ್ಡ್’ ಅಂದರೆ ಬದುಕಿದ್ದವನಿಗೆ ಕೊಡೋದು. ‘ಕಾಂಪೆನ್ಸೇಷನ್’ ಅಂದರೆ ರೈಲು ಅಪಘಾತ ನೆನಪಾಗುತ್ತೆ, ಕೊಟ್ಟವನದೇ ತಪ್ಪು ಅನ್ನೋ ಧ್ವನಿಯೂ ಇದೆ. ‘ಪೆನ್ಷನ್’ ಸ್ವಲ್ಪ ಹತ್ತಿರ, ಆದರೆ ಅದು ದುಡ್ಡು, ಇದು ನೆಲ. ರೈಸ್ ಅವರಲ್ಲಿ ನನಗೆ ತುಂಬಾ ಇಷ್ಟವಾದ ಗುಣ ಇಲ್ಲೇ ಇದೆ: ಪದ ಒಗ್ಗದ ಕಡೆ ಕನ್ನಡ ಪದವನ್ನೇ ಇಂಗ್ಲಿಷ್ ವಾಕ್ಯದೊಳಗೆ ನಿಲ್ಲಿಸುತ್ತಿದ್ದರು. ಕಲ್ನಾಡು, ಬಿತ್ತುವಟ್ಟ, ಕೊಡಗಿ, ಎಲ್ಲ ಹಾಗೇ. ನಾವು ಅವನ್ನೆಲ್ಲ ಕಿತ್ತು ಹಾಕಿ ‘ಲ್ಯಾಂಡ್ ಗಿಫ್ಟ್’ ಮಾಡಿದ್ದೇವೆ.

ರೈಸ್ ಅವರ ಜೊತೆ ನಾನು ಒಪ್ಪದ ಪದ ಒಂದಿದೆ, ಅದು ಸರ್ವಮಾನ್ಯಕ್ಕೆ ಹಾಕುವ ‘ರೆಂಟ್ ಫ್ರೀ’. ರೆಂಟ್ ಅಂದರೆ ಮಾಲೀಕನಿಗೆ ಕೊಡುವ ಬಾಡಿಗೆ. ಹಾಗಂದ ಕೂಡಲೇ ನೆಲವೆಲ್ಲ ರಾಜನದು, ಒಕ್ಕಲು ಬಾಡಿಗೆದಾರ ಅಂತ ಒಪ್ಪಿಕೊಂಡ ಹಾಗಾಯ್ತು. ಬ್ರಿಟಿಷರಲ್ಲೇ ಇದು ದೊಡ್ಡ ವಾದ. ಮೈಸೂರಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರ ತಮ್ಮ ಇತಿಹಾಸದಲ್ಲಿ ಒಂದು ಅಧ್ಯಾಯವನ್ನೇ ಇದಕ್ಕೆ ಮೀಸಲಿಟ್ಟು, ಇಲ್ಲಿ ಭೂಮಿಗೆ ಖಾಸಗಿ ಒಡೆತನ ಇತ್ತು ಅಂತ ವಾದಿಸಿದರು. ಸರ್ಕಾರದ ಕಂದಾಯದ ಭಾಷೆ ಮಾತ್ರ ಬೇರೆ ದಾರಿ ಹಿಡಿಯಿತು, ಶಾಸನದ ಅನುವಾದವೂ ಅದೇ ಭಾಷೆಯಲ್ಲಿ ಬಂತು. ಸರ್ವಮಾನ್ಯದ ಶಾಸನಗಳಲ್ಲಿ ಬಿಟ್ಟ ತೆರಿಗೆಗಳ ಹೆಸರುಗಳೇ ಸಾಲಾಗಿ ಬರುವುದುಂಟು: ಸುಂಕ, ಸಿದ್ಧಾಯ, ಕಾಣಿಕೆ. ಇವು ಯಾವುವೂ ಬಾಡಿಗೆಯಲ್ಲ. ‘ಟ್ಯಾಕ್ಸ್ ಫ್ರೀ’ ಅಂದರೆ ಸಾಕು, ಪಟ್ಟಿ ಇದ್ದರೆ ಪಟ್ಟಿಯನ್ನೇ ಕೊಟ್ಟುಬಿಡಿ. ನಿಡುಗಲ್ಲು ಕಡೆ ಹೋಗುವವರಿಗೆ ನಾನು ಮಾಡಿಕೊಡುತ್ತಿರುವ ಇಂಗ್ಲಿಷ್ ಟಿಪ್ಪಣಿಗಳಲ್ಲಿ ‘ರೆಂಟ್’ ಇದ್ದ ಕಡೆಯೆಲ್ಲ ‘ಟ್ಯಾಕ್ಸ್’ ಹಾಕಿ, ‘ಗಿಫ್ಟ್’ ಇದ್ದ ಕಡೆ ಮೂಲದ ಕ್ರಿಯಾಪದವನ್ನು ಪಕ್ಕದಲ್ಲೇ ಬರೆಯುತ್ತಿದ್ದೇನೆ. ಪಿಜಿ ಸರಣಿಯಲ್ಲಿ ಅರ್ಧದಷ್ಟು ಮುಗಿದಿದೆ, ಎಂಐ ಇನ್ನೂ ಮುಟ್ಟಿಲ್ಲ. ಮಧುಗಿರಿ ಕಡೆಯವರು ಯಾರಾದರೂ ಕೈಜೋಡಿಸಿದರೆ ಪಾಠಗಳನ್ನು ಹಂಚಿಕೊಳ್ಳಬಹುದು.